ಕಾಮಣಿ ಪಥ್ಯದ ಕತೆ: ಲಿವರ್ ರೋಗಿಯ ತಾಟಿನಿಂದ ಬ್ಯಾಳಿ ಹೋದದ್ದು ಹ್ಯಾಂಗ?

ನಮ್ಮ ಸೋದರಮಾವನ ಕಾಲು ಬಾತು, ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗ ದೇವದುರ್ಗದ ಕಡೆಯ ಹಳ್ಳಿಯಿಂದ ರಾಯಚೂರಿಗೆ ಕರೆದುಕೊಂಡು ಬಂದವನು ನಾನೇ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯಿತು. ಸಿರೋಸಿಸ್ ಎಂದರು. ಅಂದರೆ ಲಿವರ್ ಗಾಯಗೊಂಡು, ಗಾಯ ಮಾಯ್ದು, ಮತ್ತೆ ಗಾಯಗೊಂಡು ಕಡೆಗೆ ಗಟ್ಟಿಯಾಗಿಬಿಟ್ಟಿದೆ ಎಂದು. ಚೀಟಿಯ ತುಂಬ ಮಾತ್ರೆಗಳ ಹೆಸರಿದ್ದವು. ಊಟಕ್ಕೆ ಏನು ಕೊಡಬೇಕು ಎಂದು ಕೇಳಿದರೆ, "ಕುಡಿಯೋದು ಬಿಡಿಸ್ರಿ, ಪಥ್ಯ ಮಾಡಿಸ್ರಿ" ಎಂದು ಹೇಳಿ ಮುಂದಿನ ನಂಬರ್ ಕರೆದರು. ಹೊರಗೆ ಇನ್ನೂ ಎಂಬತ್ತು ಮಂದಿ ಕೂತಿದ್ದರು. ಅವರನ್ನೂ ದೂರುವ ಹಾಗಿರಲಿಲ್ಲ.

ಪಥ್ಯ ಅಂದರೆ ಏನು ಎಂದು ಅತ್ತೆ ಕೇಳಲಿಲ್ಲ. ಊರಲ್ಲಿ ಅದು ಎಲ್ಲರಿಗೂ ಗೊತ್ತು. ಲಿವರ್ ಅಂದರೆ ಕಾಮಣಿ, ಕಾಮಣಿ ಅಂದರೆ ಉಪ್ಪಿಲ್ಲ, ಎಣ್ಣಿ ಇಲ್ಲ, ಖಾರ ಇಲ್ಲ, ತೊಗರಿ ಬ್ಯಾಳಿ ಇಲ್ಲ, ತತ್ತಿ, ಮಾಂಸದ ಮಾತೇ ಇಲ್ಲ. ಅಕ್ಕಿ ಗಂಜಿ, ನೀರು ಮಜ್ಜಿಗಿ, ಬಾಯಿ ಕೆಟ್ಟರೆ ಒಂದು ಬಾಳೆಹಣ್ಣು. ಎರಡು ತಿಂಗಳು ಅತ್ತೆ ಇದನ್ನು ವ್ರತದ ಹಾಗೆ ನಡೆಸಿದಳು. ಹೊಟ್ಟೆ ಹಾಗೇ ಇತ್ತು. ತೋಳು ಮಾತ್ರ ಜೋಳದ ದಂಟಿನ ಹಾಗಾದವು. ಎರಡನೇ ಸಲ ಬೇರೆ ಕಡೆ ತೋರಿಸಿದಾಗ ಅಲ್ಲಿನ ವೈದ್ಯೆ ಮಾತ್ರೆ ಬಿಟ್ಟು ಮೊದಲು ಊಟ ಕೇಳಿದರು. ಅತ್ತೆ ಹೆಮ್ಮೆಯಿಂದಲೇ ಎಲ್ಲ ಹೇಳಿದಳು. "ಯವ್ವಾ, ಹೊಟ್ಯಾಗ ನೀರು ಅದ ಖರೆ, ಆದ್ರ ಮನಷ್ಯಾ ಉಪಾಸ ಅದಾನ" ಎಂದರು ಆಕೆ. ಅತ್ತೆಯ ಮುಖ ನೋಡಲಾಗಲಿಲ್ಲ.

ಮಾನ್ವಿ, ದೇವದುರ್ಗದ ಹಳ್ಳಿಗಳಿಗೆ ಸುದ್ದಿಗೆ ಹೋದಾಗ ಇದೇ ಗಂಜಿಯ ಕತೆಯನ್ನು ಮತ್ತೆ ಮತ್ತೆ ಕೇಳಿದ್ದೇನೆ. ಈ ಪಥ್ಯ ಎಲ್ಲಿಂದ ಬಂತು, ಯಾರು ಹೇಳಿದ್ದು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾಮಣಿಯಿಂದಲೇ ಶುರು ಮಾಡೋಣ. ಕಣ್ಣು ಹಳದಿ, ಉಚ್ಚೆ ಹಳದಿ ಆದರೆ ನಾವು ಕಾಮಣಿ ಎನ್ನುತ್ತೇವೆ, ಪುಸ್ತಕದವರು ಕಾಮಾಲೆ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ಔಷಧ ಕೊಡುವವರ ಮನೆಗಳೇ ಬೇರೆ ಇರುತ್ತವೆ. ಒಬ್ಬರು ಸುಣ್ಣದ ನೀರಲ್ಲಿ ಕೈ ತೊಳೆಸಿ ಹಳದಿ ಇಳಿಸುತ್ತಾರೆ, ಒಬ್ಬರು ಮೂಗಿಗೆ ರಸ ಹಿಂಡುತ್ತಾರೆ, ಇನ್ನೊಬ್ಬರು ಕಾಯಿಸಿದ ಕಬ್ಬಿಣದಿಂದ ಬರೆ ಹಾಕುತ್ತಾರೆ. ಔಷಧ ಬೇರೆ ಬೇರೆ, ಪಥ್ಯ ಮಾತ್ರ ಹೆಚ್ಚುಕಡಿಮೆ ಒಂದೇ.

ಹೀಗೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ವಾಸಿಯಾಗಿದ್ದೂ ನಿಜ. ಅದರ ಕಾರಣ ತಿಳಿಯಬೇಕಾದರೆ ದಿಲ್ಲಿಯ ಒಂದು ಹಳೆಯ ಕತೆ ಹೇಳಬೇಕು. 1955ರ ಕೊನೆಗೆ ನಜಫ್‌ಗಢ ನಾಲೆಯ ಕೊಳಚೆ ಯಮುನೆಗೆ ಹಿಮ್ಮುಖವಾಗಿ ನುಗ್ಗಿ, ವಜೀರಾಬಾದಿನಲ್ಲಿ ಕುಡಿಯುವ ನೀರು ಎತ್ತುವ ಜಾಗಕ್ಕೇ ಸೇರಿತು. ಕೆಲವೇ ವಾರಗಳಲ್ಲಿ ದಿಲ್ಲಿಯಲ್ಲಿ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಗರ್ಭಿಣಿಯರಿಗೆ ಅದು ಹೆಚ್ಚು ಅಪಾಯ ಮಾಡಿತು. ಉಳಿದವರಲ್ಲಿ ಬಹುಪಾಲು ಜನ ತಾವಾಗಿಯೇ ಗುಣವಾದರು. ಅದು ಯಾವ ರೋಗಾಣು ಎಂದು ತಿಳಿಯಲು ಕಾಲು ಶತಮಾನ ಹಿಡಿಯಿತು. 1980ರಲ್ಲಿ, ಎತ್ತಿಟ್ಟಿದ್ದ ರಕ್ತದ ಮಾದರಿ ಪರೀಕ್ಷಿಸಿದಾಗ ಅದು ಹೆಪಟೈಟಿಸ್ ಎ ಅಲ್ಲ ಎಂದು ಗೊತ್ತಾಯಿತು. 1983ರಲ್ಲಿ ಬಲಯಾನ್ ಎಂಬ ರಷ್ಯಾದ ವಿಜ್ಞಾನಿ ರೋಗಿಗಳ ಮಲದಿಂದ ತೆಗೆದ ದ್ರಾವಣವನ್ನು ತಾನೇ ಕುಡಿದು, ಕಾಮಾಲೆ ಬರಿಸಿಕೊಂಡು, ಆ ವೈರಸ್ ಅನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಅದಕ್ಕೆ ಈಗ ಹೆಪಟೈಟಿಸ್ ಇ ಎಂದು ಹೆಸರು. (ಅಂಥವರ ಮನೆಯವರು ಏನಂದಿರಬಹುದೋ!)

ಕೊಳಕು ನೀರಿನಿಂದ ಬರುವ ಎ ಮತ್ತು ಇ ಕಾಮಾಲೆಗಳು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವೇ ಇಳಿಯುತ್ತವೆ. ಬರೆ ಹಾಕಿಸಿಕೊಂಡರೂ ಇಳಿಯುತ್ತವೆ, ಹಾಕಿಸಿಕೊಳ್ಳದಿದ್ದರೂ ಇಳಿಯುತ್ತವೆ. ಮೂರು ವಾರ ಗಂಜಿ ಕುಡಿದವನು ನಾಲ್ಕನೇ ವಾರ ಎದ್ದು ಹೊಲಕ್ಕೆ ಹೋದ ಅಂದರೆ ಹೆಸರು ಪಥ್ಯಕ್ಕೆ ಬಂತು. ತಲೆಮಾರುಗಳಿಂದ ಹೀಗೆ ಗಳಿಸಿದ ಹೆಸರು ಅದು. ತೊಂದರೆ ಆದದ್ದು ಮೂರು ವಾರದ ಕಾಯಿಲೆಯ ಪಥ್ಯವನ್ನು ಹತ್ತು ವರ್ಷದ ಕಾಯಿಲೆಗೆ ತಂದು ಹಚ್ಚಿದಾಗ. ಸಿರೋಸಿಸ್ ಮೂರು ವಾರಕ್ಕೆ ಇಳಿಯುವುದಿಲ್ಲ, ಅಲ್ಲಿಯ ತನಕ ಗಂಜಿಯ ಮೇಲೆ ಮೈ ನಿಲ್ಲುವುದಿಲ್ಲ.

ಹಾಗಾದರೆ ಇದು ಆಯುರ್ವೇದದ್ದೇ ಎಂದು ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 16ನೇ ಅಧ್ಯಾಯ ಪಾಂಡುರೋಗದ್ದು, ಕಾಮಲೆಯೂ ಅದರಲ್ಲೇ ಬರುತ್ತದೆ. ಅಲ್ಲಿ ಹೇಳಿದ ಊಟ ನೋಡಿ ನನಗೇ ಆಶ್ಚರ್ಯವಾಯಿತು. ಹಳೆಯ ಅಕ್ಕಿ, ಜವೆ, ಗೋಧಿ, ಅದರ ಜೊತೆ ಹೆಸರು, ತೊಗರಿ, ಮಸೂರ ಬೇಳೆಯ ಕಟ್ಟು, ಒಣನೆಲದ ಪ್ರಾಣಿಗಳ ಮಾಂಸದ ರಸ. ತೊಗರಿಗೆ ಅಲ್ಲಿ ಆಢಕಿ ಎಂದು ಹೆಸರು. ಅಂದರೆ ನಮ್ಮ ಹೊಲದ ತೊಗರಿಯನ್ನು ಚರಕ ಬೇಡ ಅನ್ನಲಿಲ್ಲ, ಬೇಕು ಅಂದ. ಬ್ಯಾಳಿ ಬಿಡಿಸಿದವರು ಯಾರೋ ನಡುವಿನವರು.

ನಡುವಿನವರಲ್ಲಿ ಇಂಗ್ಲಿಷ್ ಔಷಧದ ಡಾಕ್ಟರುಗಳೂ ಇದ್ದರು ಎಂಬುದು ಈ ಕತೆಯ ಇನ್ನೊಂದು ಮಗ್ಗುಲು. ಮೊದಲು ಅವರೂ ದಾರಿ ಸರಿಯಾಗೇ ಹಿಡಿದಿದ್ದರು. ನ್ಯೂಯಾರ್ಕಿನಲ್ಲಿ ಆರ್ಥರ್ ಪಟೆಕ್ ಎಂಬ ವೈದ್ಯ 1930ರ ದಶಕದಿಂದ ಸಿರೋಸಿಸ್ ರೋಗಿಗಳಿಗೆ ಹಾಲು, ಮೊಟ್ಟೆ, ಮಾಂಸ, ಯೀಸ್ಟ್ ಇರುವ ತುಂಬು ಊಟ ಕೊಟ್ಟು ನೋಡಿದ. ಅವರಲ್ಲಿ ಬಹಳ ಮಂದಿ ಕುಡಿತದಿಂದ ಬಂದವರು, ಉಂಡು ಎಷ್ಟೋ ಕಾಲವಾದವರು. ಹತ್ತು ವರ್ಷ ಗಮನಿಸಿದ 124 ರೋಗಿಗಳ ಲೆಕ್ಕವನ್ನು ಆತ 1948ರಲ್ಲಿ ಪ್ರಕಟಿಸಿದ. ಹಿಂದಿನ ರೋಗಿಗಳಿಗಿಂತ ಇವರು ಹೆಚ್ಚು ಕಾಲ ಬದುಕಿದ್ದರು. ಕೊರಿಯಾ ಯುದ್ಧದ ಹೊತ್ತಿಗೆ ಅಮೆರಿಕದ ಸೈನಿಕರಿಗೆ ಕಾಮಾಲೆ ಹಬ್ಬಿದಾಗ ಥಾಮಸ್ ಚಾಮರ್ಸ್ ಮತ್ತು ಸಂಗಡಿಗರು ಸೈನಿಕರನ್ನು ಗುಂಪು ಮಾಡಿ ಪರೀಕ್ಷೆ ನಡೆಸಿದರು. 1955ರಲ್ಲಿ ಫಲಿತಾಂಶ ಬಂತು. ಪ್ರೊಟೀನ್ ಹೆಚ್ಚು ತಿಂದವರು ಬೇಗ ಚೇತರಿಸಿಕೊಂಡಿದ್ದರು. ಹಾಸಿಗೆಯಿಂದ ಏಳಲೇಬಾರದು ಎಂಬ ಕಟ್ಟಪ್ಪಣೆಯಿಂದ ಏನೂ ಲಾಭ ಕಾಣಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಕಡೆ ಗಾಡಿ ತಿರುಗಿತು. ಸಿರೋಸಿಸ್ ಮುಂದುವರಿದಾಗ ಕೆಲವರಿಗೆ ತಲೆ ಮಂಕಾಗುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತಪ್ಪುವುದು, ಕೈ ನಡುಗುವುದು. ಕರುಳಿನಿಂದ ಬರುವ ಅಮೋನಿಯಾದಂಥ ವಿಷವನ್ನು ಲಿವರ್ ಸೋಸದೆ ಬಿಟ್ಟಾಗ ಅದು ಮಿದುಳಿಗೆ ಹೋಗುತ್ತದೆ. 1950ರ ದಶಕದ ಶುರುವಿಗೆ ಬೋಸ್ಟನ್ನಿನಲ್ಲೂ, ಲಂಡನ್ನಿನಲ್ಲಿ ಶೀಲಾ ಶೆರ್ಲಾಕ್ ಎಂಬ ಹೆಸರಾಂತ ವೈದ್ಯೆಯ ತಂಡದಲ್ಲೂ ಇದರ ಬಗ್ಗೆ ಬರೆದರು. ಅಮೋನಿಯಾ ಪ್ರೊಟೀನಿನಿಂದ ಹುಟ್ಟುತ್ತದೆ, ಆದ್ದರಿಂದ ಪ್ರೊಟೀನ್ ನಿಲ್ಲಿಸಿ ಎಂಬ ತೀರ್ಮಾನಕ್ಕೆ ಬಂದರು. ಕೇಳಲು ಸರಿಯೇ ಅನ್ನಿಸುತ್ತದೆ. ಪಠ್ಯಪುಸ್ತಕಕ್ಕೆ ಸೇರಿತು. ಪುಸ್ತಕದಿಂದ ಮೆಡಿಕಲ್ ಕಾಲೇಜಿಗೆ, ಅಲ್ಲಿಂದ ಚೀಟಿಗೆ ಬಂತು. ತಲೆ ಮಂಕಾದವರಿಗಷ್ಟೇ ಇದ್ದ ನಿಯಮ ಬರುಬರುತ್ತ ಲಿವರ್ ಕೆಟ್ಟ ಎಲ್ಲರಿಗೂ ಅನ್ವಯವಾಯಿತು. ಹಳ್ಳಿಯ ಪಥ್ಯವೂ ಬ್ಯಾಳಿ ಬೇಡ ಅನ್ನುತ್ತಿತ್ತು, ಈಗ ಪಟ್ಟಣದ ಡಾಕ್ಟರೂ ಬೇಡ ಅಂದರು. ಎರಡು ಕಡೆಯಿಂದ ಸಾಕ್ಷಿ ಸಿಕ್ಕ ಮೇಲೆ ಅನುಮಾನ ಪಡುವವರು ಯಾರು?

ಸುಮಾರು ಐವತ್ತು ವರ್ಷ ಇದು ನಡೆಯಿತು. 2004ರಲ್ಲಿ ಬಾರ್ಸಿಲೋನಾದ ಹುವಾನ್ ಕೊರ್ದೊಬಾ ಅವರ ತಂಡ ತಲೆ ಮಂಕಾಗಿ ಆಸ್ಪತ್ರೆ ಸೇರಿದ 30 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮೊದಲ ಕೆಲವು ದಿನ ಪ್ರೊಟೀನ್ ಇಲ್ಲ, ಆಮೇಲೆ ನಿಧಾನ ಏರಿಕೆ. ಇನ್ನೊಂದು ಗುಂಪಿಗೆ ಮೊದಲ ದಿನದಿಂದಲೇ ಮಾಮೂಲಿ ಪ್ರಮಾಣ. ಎರಡೂ ಗುಂಪು ಒಂದೇ ಥರ ಚೇತರಿಸಿಕೊಂಡವು. ಪ್ರೊಟೀನ್ ನಿಲ್ಲಿಸಿದವರಲ್ಲಿ ಮೈಯ ಮಾಂಸ ಮಾತ್ರ ಹೆಚ್ಚು ಕರಗಿತ್ತು. ಲಿವರ್ ಕೈಕೊಟ್ಟಾಗ ಅಮೋನಿಯಾವನ್ನು ಹಿಡಿದು ಸಂಭಾಳಿಸುವುದು ಸ್ನಾಯುಗಳೇ. ಆ ಸ್ನಾಯುವನ್ನೇ ಉಪವಾಸ ಹಾಕಿ ಕರಗಿಸಿದರೆ ಮಂಕು ಇನ್ನೂ ಹೆಚ್ಚುತ್ತದೆ. ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸಿರೋಸಿಸ್ ಇರುವವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಹೇಳುತ್ತವೆ. ಆರೋಗ್ಯವಂತನಿಗೆ ಬೇಕಾಗುವುದಕ್ಕಿಂತ ಇದು ಹೆಚ್ಚು. ಅಂದರೆ ಸಲಹೆ ತಿರುಗುಮುರುಗಾಯಿತು. ತಿರುಗಿದ ಸುದ್ದಿ ಮಾತ್ರ ದೇವದುರ್ಗದ ಬಸ್ ಹತ್ತಲಿಲ್ಲ.

ಊಟದ ಸುದ್ದಿ ಹಳ್ಳಿಗೆ ಬರುವುದೇ ಇಲ್ಲ ಎಂದಲ್ಲ. ಒಂದು ಸಲ ಬಂದಿದೆ, ಅದೂ ಲಿವರ್ ವಿಷಯದಲ್ಲೇ. ಅರವತ್ತು ದಾಟಿದವರನ್ನು ಕೇಳಿ ನೋಡಿ, ಹಿಂದೆ ಒಂದೆರಡು ವರ್ಷದ ಕೂಸುಗಳಿಗೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ತೀರಿಹೋಗುತ್ತಿದ್ದವು. ದಕ್ಷಿಣ ಭಾರತದ ತುಂಬ ಈ ಕಾಯಿಲೆಯ ಭಯ ಎಷ್ಟಿತ್ತೆಂದರೆ ಮದ್ರಾಸಿನ ಜಮ್ಮಿ ವೆಂಕಟರಮಣಯ್ಯನವರ ಲಿವರ್‌ಕ್ಯೂರ್ ಔಷಧ ಮನೆಮಾತಾಗಿತ್ತು. 1983ರಲ್ಲಿ ಪುಣೆಯ ವೈದ್ಯರಾದ ಭಾವೆ, ಪಂಡಿತ್ ಮತ್ತು ಇಂಗ್ಲೆಂಡಿನ ಟ್ಯಾನರ್ ಒಂದು ವಿಷಯ ಮುಂದಿಟ್ಟರು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಆಕಳು, ಎಮ್ಮೆ ಹಾಲನ್ನು ಎಳೆಗೂಸಿಗೆ ಕುಡಿಸಿದಾಗ ತಾಮ್ರ ಹಾಲಿಗಿಳಿದು ಲಿವರಿನಲ್ಲಿ ಕೂಡುತ್ತದೆ. ಪಾತ್ರೆ ಬದಲಿಸಿ ಎಂದು ತಾಯಂದಿರಿಗೆ ಹೇಳಿದರು. ಅಷ್ಟೊತ್ತಿಗೆ ಸ್ಟೀಲ್ ಪಾತ್ರೆ, ಅಲ್ಯೂಮಿನಿಯಂ ಪಾತ್ರೆ ಸಂತೆಗೂ ಬಂದಿದ್ದವು. ಆ ಕಾಯಿಲೆ ಈಗ ಹುಡುಕಿದರೂ ಸಿಗುವುದು ಅಪರೂಪ. ನನ್ನ ಅನಿಸಿಕೆಯಲ್ಲಿ ಇದರಲ್ಲಿ ಡಾಕ್ಟರಿನಷ್ಟೇ ಪಾಲು ಪಾತ್ರೆ ಅಂಗಡಿಯವನದೂ ಇದೆ. ಸಲಹೆ ಕೊಂಡುಕೊಳ್ಳುವ ವಸ್ತುವಿನ ರೂಪದಲ್ಲಿ ಬಂದರೆ ಬೇಗ ಮನೆ ಸೇರುತ್ತದೆ.

ನಮಗೆ ಹತ್ತಿರದ ಹೈದರಾಬಾದಿನಲ್ಲೇ ದೇಶದ ದೊಡ್ಡ ಪೌಷ್ಟಿಕಾಂಶ ಸಂಸ್ಥೆ ಇದೆ. 1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಶುರು ಮಾಡಿದ ಪುಟ್ಟ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು, ಅದೇ ಈಗಿನ ಎನ್‌ಐಎನ್. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಕಾಮಾಲೆ ಬಂದು 106 ಮಂದಿ ಸತ್ತಾಗ ಕಾರಣ ಹುಡುಕಿದ್ದು ಇವರೇ. ಅಕಾಲ ಮಳೆಗೆ ನೆಂದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದದ್ದು ಕಾರಣವಾಗಿತ್ತು. ಅದೇ ಜೋಳ ತಿಂದ ನಾಯಿಗಳಿಗೂ ಹೊಟ್ಟೆ ಬಾತಿತ್ತು. ಅದಕ್ಕೇ ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳವನ್ನು ಹುರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಆ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಇನ್ನು ನಮ್ಮ ಜಿಲ್ಲೆಯ ತಾಟಿನ ಕತೆ. ಕೃಷ್ಣಾ, ತುಂಗಭದ್ರಾ ನಡುವಿನ ಈ ನೆಲದ ಊಟ ಜೋಳದ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಹಿಂಡಿ, ಮಜ್ಜಿಗಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆಯ ಮಾನ್ವಿ ಕಡೆ ಭತ್ತ ಬಂತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಕಾಲುವೆ ಇಲ್ಲದ ಊರಲ್ಲೂ ಅಕ್ಕಿ ಮೊದಲಾಯಿತು. ಹಸಿವಿಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೋಗಿಯ ಮನೆಯಲ್ಲಿ ಅಕ್ಕಿ ಮಾತ್ರ ಪುಕ್ಕಟೆ, ಬ್ಯಾಳಿ ದುಡ್ಡು ಕೊಟ್ಟು ತರಬೇಕು ಅಂದಾಗ "ಬ್ಯಾಳಿ ಬ್ಯಾಡ" ಎಂಬ ಪಥ್ಯ ಪಾಲಿಸುವುದು ಸುಲಭ. ಕುಡಿತದ ಕತೆ ನಿಮಗೆ ಗೊತ್ತಿದ್ದದ್ದೇ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಅಗ್ಗದ ಬ್ರಾಂದಿ ಪ್ಯಾಕೆಟ್ಟು ಆ ಜಾಗಕ್ಕೆ ಬಂತು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧಕ್ಕಾಗಿ ನಡೆದ ಹೆಂಗಸರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಲಿವರ್ ರೋಗಿಗೆ ಊಟ ಬಡಿಸುವವರೂ ಅವರೇ. ಕುಡಿಯದವರಿಗೂ ಈಗ ಸಕ್ಕರೆ ಕಾಯಿಲೆ, ಬೊಜ್ಜಿನಿಂದ ಫ್ಯಾಟಿ ಲಿವರ್ ಬರುತ್ತಿದೆ. ಅವರಿಗೆ ಬೇಕಾದ ಊಟವೇ ಬೇರೆ, ತೂಕ ಇಳಿಸುವುದು, ಸಿಹಿ ಮತ್ತು ಕರಿದದ್ದು ಕಡಿಮೆ ಮಾಡುವುದು. ಪಕ್ಕದ ಮನೆಯವರ ಪಥ್ಯ ನಕಲು ಮಾಡಬಾರದು ಅನ್ನುವುದು ಇದಕ್ಕೇ.

ಲೆಕ್ಕ ಹಾಕಿ ನೋಡೋಣ. 60 ಕಿಲೋ ತೂಕದ ಸಿರೋಸಿಸ್ ರೋಗಿಗೆ ದಿನಕ್ಕೆ 72ರಿಂದ 90 ಗ್ರಾಂ ಪ್ರೊಟೀನ್ ಬೇಕು. (ಹೊಟ್ಟೆಯ ನೀರಿನ ತೂಕ ಇದರಲ್ಲಿ ಸೇರುವುದಿಲ್ಲ.) ನಮ್ಮ ಮಾವ ಕುಡಿಯುತ್ತಿದ್ದ ಗಂಜಿಗೆ ದಿನಕ್ಕೆ 150 ಗ್ರಾಂ ಅಕ್ಕಿ ಹಾಕುತ್ತಿದ್ದರು. ಅದರಲ್ಲಿ ಪ್ರೊಟೀನ್ ಸುಮಾರು 12 ಗ್ರಾಂ. ಅದರ ಬದಲು 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 30 ಗ್ರಾಂ, 100 ಗ್ರಾಂ ತೊಗರಿ ಅಥವಾ ಹೆಸರು ಬ್ಯಾಳಿಯಲ್ಲಿ 22, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ಎರಡು ತತ್ತಿಯಲ್ಲಿ 12. ಕೂಡಿದರೆ 80. ಬೆಂಗಳೂರಿನ ಪುಡಿ ಡಬ್ಬಿ ಬೇಕಿಲ್ಲ. ತತ್ತಿ ತಿನ್ನದ ಮನೆಯವರು ಬ್ಯಾಳಿ, ಕಾಳು, ಮೊಸರಿನಲ್ಲೇ ಹೊಂದಿಸಬಹುದು. ತಲೆ ಮಂಕಾಗುವವರಿಗೆ ಕಾಳುಬೇಳೆ, ಹಾಲಿನ ಪ್ರೊಟೀನ್ ಮಾಂಸಕ್ಕಿಂತ ಚೆನ್ನಾಗಿ ಒಗ್ಗುತ್ತದೆ ಎಂದೂ ವೈದ್ಯರು ಹೇಳುತ್ತಾರೆ. 2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಮಕ್ಕಳ ಮೈ ತುಂಬುತ್ತದೆ ಎಂದು ಒಪ್ಪಿದ ಮನೆಗಳಲ್ಲೇ, ಒಣಗಿಹೋದ ಲಿವರ್ ರೋಗಿಗೆ ತತ್ತಿ ವಿಷ ಎನ್ನುವುದನ್ನು ಕೇಳಿದ್ದೇನೆ.

ಉಪ್ಪಿನ ಮಾತು ಪೂರ್ತಿ ಸುಳ್ಳಲ್ಲ. ಹೊಟ್ಟೆಯಲ್ಲಿ ನೀರು, ಕಾಲಲ್ಲಿ ಬಾವು ಇದ್ದರೆ ಉಪ್ಪು ನೀರನ್ನು ಹಿಡಿದಿಡುತ್ತದೆ. ಅಂಥವರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚೂಡಾ ಬಿಟ್ಟರೆ ಅರ್ಧ ಗೆದ್ದಂತೆ. ಪೂರಾ ಸಪ್ಪೆ ಮಾಡಿದರೆ ರೋಗಿ ಊಟವನ್ನೇ ಬಿಡುತ್ತಾನೆ, ಅದು ಇನ್ನೂ ಕೆಟ್ಟದ್ದು. ನಿಂಬೆಹಣ್ಣು, ಪುಂಡಿಪಲ್ಯದ ಹುಳಿ ನಾಲಿಗೆಗೆ ಸ್ವಲ್ಪ ಸಮಾಧಾನ ಕೊಡುತ್ತದೆ.

ಎಲ್ಲಕ್ಕಿಂತ ನನ್ನನ್ನು ಬೆಚ್ಚಿಸಿದ್ದು ಉಪವಾಸದ ವಿಷಯ. ಗಟ್ಟಿಯಾದ ಲಿವರಿನಲ್ಲಿ ರಾತ್ರಿಗೆ ಬೇಕಾದ ಸಕ್ಕರೆಯ ದಾಸ್ತಾನು ಇರುವುದಿಲ್ಲ. ಸಿರೋಸಿಸ್ ರೋಗಿಯ ಒಂದು ರಾತ್ರಿಯ ಖಾಲಿ ಹೊಟ್ಟೆ ಆರೋಗ್ಯವಂತನ ಎರಡು ಮೂರು ದಿನದ ಉಪವಾಸಕ್ಕೆ ಸಮ ಎಂದು 1983ರಲ್ಲೇ ತೋರಿಸಿದ್ದರು. ಏಳಕ್ಕೆ ಉಂಡು ಮರುದಿನ ಒಂಬತ್ತಕ್ಕೆ ಚಹಾ ಕುಡಿಯುವ ನಮ್ಮ ಮನೆಗಳಲ್ಲಿ, ಮೇಲೆ ಸೋಮವಾರ, ಶ್ರಾವಣದ ಒಪ್ಪತ್ತು, ರಂಜಾನ್ ರೋಜಾ ಬೇರೆ. ಶಕ್ತಿಗಾಗಿ ಮೈ ತನ್ನ ಮಾಂಸವನ್ನೇ ತಿನ್ನುತ್ತದೆ. 2008ರಲ್ಲಿ ನ್ಯೂಜಿಲೆಂಡಿನವರು ಒಂದೇ ಪೌಷ್ಟಿಕ ಪೇಯವನ್ನು ಕೆಲವರಿಗೆ ಹಗಲು, ಕೆಲವರಿಗೆ ಮಲಗುವಾಗ ಕೊಟ್ಟು ಒಂದು ವರ್ಷ ನೋಡಿದರು. ರಾತ್ರಿ ಕುಡಿದವರ ಮೈಯಲ್ಲಿ ಸುಮಾರು 2 ಕಿಲೋದಷ್ಟು ಮಾಂಸ ಕೂಡಿತ್ತು, ಹಗಲು ಕುಡಿದವರಲ್ಲಿ ಅಂಥ ಲಾಭ ಕಾಣಲಿಲ್ಲ. ಔಷಧ ಬದಲಿಸಿರಲಿಲ್ಲ, ಗಡಿಯಾರ ಬದಲಿಸಿದ್ದರು ಅಷ್ಟೇ.

ನೆಲನೆಲ್ಲಿಯ ಬಗ್ಗೆ ಕೇಳುವವರು ಬಹಳ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ನೊಬೆಲ್ ಪಡೆದ ಬ್ಲಂಬರ್ಗ್ ಸೇರಿ ಹೆಪಟೈಟಿಸ್ ಬಿ ಇದ್ದವರಿಗೆ ಅದನ್ನು ಕೊಟ್ಟು ಒಳ್ಳೆಯ ಫಲಿತಾಂಶ ಬರೆದರು. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಬರಲಿಲ್ಲ. ಹೆಪಟೈಟಿಸ್ ಬಿ, ಸಿಗೆ 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರಿ ಪರೀಕ್ಷೆ, ಔಷಧ ಪುಕ್ಕಟೆ ಇದೆ, ಮೊದಲು ಅದನ್ನು ಕೇಳಿ. ಊರ ಔಷಧ ತಗೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಸಲಹೆ ಎಲ್ಲಿ ಸಿಗುತ್ತದೆ? ಮಾನ್ವಿಯಿಂದಲೂ ದೇವದುರ್ಗದಿಂದಲೂ ರಾಯಚೂರಿಗೆ ಸುಮಾರು 50 ಕಿಲೋಮೀಟರ್. 2007ರಲ್ಲಿ ಶುರುವಾದ ರಿಮ್ಸ್ ಇದೆ, ಓಪೆಕ್ ಆಸ್ಪತ್ರೆ ಇದೆ. ಹೋದಾಗ ಔಷಧ ಚೀಟಿ ಮಡಚಿಕೊಂಡು ಬರುವ ಮೊದಲು "ಆಹಾರ ತಜ್ಞರನ್ನು ಕಾಣಬೇಕು, ಬರೆದುಕೊಡಿ" ಎಂದು ಬಾಯಿಬಿಟ್ಟು ಕೇಳಿ. ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಫ್ಯಾಟಿ ಲಿವರನ್ನು ಬಿಪಿ, ಶುಗರ್ ಕಾರ್ಯಕ್ರಮದ ಜೊತೆ ಸೇರಿಸಿದೆ, ಹಾಗಾಗಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ಕಿನಲ್ಲೂ ಈ ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ರೋಗಿ ಮೂರು ದಿನ ಏನು ತಿಂದ, ಎಷ್ಟು ಹೊತ್ತಿಗೆ ತಿಂದ ಎಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಎರಡು ನಿಮಿಷದಲ್ಲಿ ಕೆಲಸದ ಮಾತು ಆಗುತ್ತದೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಮೇಲಿನ ಲೆಕ್ಕ ಬದಲಾಗುತ್ತದೆ. ಮಾತು ತಪ್ಪಿದರೆ, ರಕ್ತ ವಾಂತಿಯಾದರೆ, ಮಲ ಕಪ್ಪಾದರೆ ಊಟದ ಮಾತು ಆಮೇಲೆ, ಮೊದಲು 108.

ಮಾವ ಕುಡಿತ ಬಿಟ್ಟು ಮೂರು ವರ್ಷವಾಯಿತು. ಲಿವರ್ ಹೊಸದಾಗಿಲ್ಲ, ಆದರೆ ತೋಳಿನಲ್ಲಿ ಸ್ವಲ್ಪ ಮಾಂಸ ಬಂದಿದೆ, ಬಸ್‌ಸ್ಟ್ಯಾಂಡಿನ ತನಕ ಒಬ್ಬನೇ ನಡೆಯುತ್ತಾನೆ. ರಾತ್ರಿ ಹತ್ತಕ್ಕೆ ಅತ್ತೆ ಅರ್ಧ ರೊಟ್ಟಿ ಹಾಲಿನಲ್ಲಿ ಮುರಿದು ಕೊಡುತ್ತಾಳೆ. ಈಗ ಓಣಿಯಲ್ಲಿ ಯಾರಿಗಾದರೂ ಲಿವರ್ ಅಂದರೆ ಅವಳ ಹತ್ತಿರ ಪಥ್ಯ ಕೇಳಲು ಬರುತ್ತಾರೆ. ಅವಳು ಮೊದಲು ಒಲೆಯ ಮುಂದಿನಿಂದಲೇ ಕೇಳುತ್ತಾಳೆ: "ಹೊಟ್ಯಾಗ ನೀರು ಅದ ಏನು? ಸಕ್ರಿ ಅದ ಏನು? ಅದನ್ನ ಕೇಳಿಕೊಂಡು ಬರ್ರಿ. ಆಮ್ಯಾಗ ಹೇಳ್ತೀನಿ."